ಕೇಳಿ ನೋಡುವವರು, ಕೇಳದೆ ನೋಡುವವರು

ಬಳ್ಳಾರಿ ಜೋಡಿ:
ನನಗೆ 39, ಇವರಿಗೆ 43. ಬೆಂಗಳೂರಲ್ಲಿ ಎರಡು ಸಲ ಸ್ವಿಂಗರ್ ಪಾರ್ಟಿಗೆ, ಅಂದರೆ ಜೋಡಿಗಳು ಪರಸ್ಪರ ಒಪ್ಪಿ ಬೇರೆ ಜೋಡಿಗಳ ಜೊತೆ ಸೇರುವ ಕೂಟಕ್ಕೆ, ಹೋಗಿ ಬಂದಿದ್ದೀವಿ. ನಾವು ಬೇರೆಯವರ ಜೊತೆ ಸೇರುವುದಿಲ್ಲ. ನಮ್ಮನ್ನು ಅವರು ನೋಡುವುದು, ಅವರನ್ನು ನಾವು ನೋಡುವುದು, ಅಷ್ಟೇ.

ಮೊದಲ ಸಲ ಒಬ್ಬ ಗಂಡ ಹೆಂಡತಿ ಬಾಗಿಲಲ್ಲೇ ನಿಂತು, "ಇಲ್ಲಿ ಕೂತ್ಕೋಬಹುದಾ?" ಅಂತ ಕೇಳಿದರು. ಇವರನ್ನಲ್ಲ, ನನ್ನನ್ನು. ಹೂಂ ಅಂದೆ. ನಮ್ಮೂರಲ್ಲಿ ಮೋತಿ ಸರ್ಕಲ್ ದಾಟುವಷ್ಟರಲ್ಲಿ ಹತ್ತು ಕಣ್ಣು ಮೈಮೇಲೆ ಬಿದ್ದಿರುತ್ತವೆ. ಒಬ್ಬರೂ ಕೇಳಿ ನೋಡಿದ್ದಿಲ್ಲ. ಆವತ್ತಿನ ಖುಷಿಯಲ್ಲಿ ಅರ್ಧ ಆ ಒಂದು ಮಾತಿನದೇ.

ಎರಡನೇ ಸಲ ಪರದೆ ಸ್ವಲ್ಪ ಸರಿದಿತ್ತು. ಅಲಮಾರಿಯ ಕನ್ನಡಿಯಲ್ಲಿ ಒಂದು ಕೈ ಕಂಡಿತು. ಪರದೆಯ ಅಂಚು ಹಿಡಿದಿತ್ತು, ಬೆರಳಲ್ಲಿ ಉಂಗುರ. ಎಷ್ಟು ಹೊತ್ತಿಂದ ನಿಂತಿದ್ದನೋ. ಹೊದಿಕೆ ಎಳೆದುಕೊಂಡೆ. ಇವರು, "ನೋಡ್ಲಿ ಅಂತಾನೇ ಬಂದಿದ್ದೀವಲ್ಲ" ಅಂತಾರೆ. ನಾನು ಜಾಸ್ತಿ ಮಾಡ್ತಿದ್ದೀನಾ?

ರಾಯಚೂರಿನವ:
ಇಲ್ಲ ರೀ ಅಕ್ಕಾರೆ. ನನಗೂ ನನ್ನ ಹೆಂಡತಿಗೂ ನೋಡುವುದೇ ಇಷ್ಟ, ಅದಕ್ಕೇ ಹೇಳ್ತೀನಿ. ಬಾಯಿಬಿಟ್ಟು ಕೇಳಬೇಕು. ಅವರು ತೋರಿಸಿದ ಜಾಗದಲ್ಲಿ ಕೂರಬೇಕು. ಕೈ ಚಾಚಬಾರದು, ಮಾತಾಡಬಾರದು. ಮುಖ ಬದಲಾದರೆ ಸುಮ್ನೆ ಎದ್ದು ಬರಬೇಕು. ಒಂದು ಮಾತು: ಕೆಲವು ಕಡೆ ಬಾಗಿಲು ತೆರೆದಿದ್ದರೆ ನೋಡಬಹುದು ಅಂತ ನಿಯಮ ಇರುತ್ತೆ. ಪಾರ್ಟಿ ಮಾಡುವವರನ್ನು ಮೊದಲೇ ಕೇಳಿಕೊಳ್ಳಿ. ನಿಯಮ ಏನೇ ಇರಲಿ, ಕದ್ದು ನಿಂತವನಿಗೆ ತಾನು ಕದ್ದು ನಿಂತಿದ್ದೀನಿ ಅಂತ ಗೊತ್ತಿರುತ್ತೆ.

ಕೊಪ್ಪಳದ ವಕೀಲೆ:
ಆ ಕೈಯಲ್ಲಿ ಫೋನ್ ಇತ್ತಾ? ಮೊದಲು ಅದನ್ನು ನೆನಪಿಸಿಕೊಳ್ಳಿ. ಫೋಟೋ ತೆಗೆಯಲು ಹೆಂಗಸು ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಹಂಚಿದವನು ಅಪರಾಧಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಅಂದರೆ ಒಂದಕ್ಕೆ ಹೂಂ ಅಂದರೆ ಎಲ್ಲದಕ್ಕೂ ಹೂಂ ಅಂದಂತಲ್ಲ ಅಂತ ಕಾನೂನೇ ಒಪ್ಪುತ್ತೆ. ನಿಮ್ಮ ಮನೆಯವರಿಗೆ ಇದನ್ನು ತೋರಿಸಿ.

ಬಳ್ಳಾರಿ ಜೋಡಿ:
ಫೋನ್ ಇರಲಿಲ್ಲ ಮೇಡಂ. ಒಳಗೆ ಹೋಗುವಾಗಲೇ ಎಲ್ಲರದ್ದೂ ಚೀಲಕ್ಕೆ ಹಾಕಿಸಿ ಬೀಗ ಹಾಕಿದ್ದರು. ಇವರಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ನಿದ್ದರು. ಆಮೇಲೆ, "ನಾನು ಮಲಗಿದ್ದ ಕಡೆಗೆ ಕನ್ನಡಿ ಕಾಣ್ತಿರಲಿಲ್ಲ ಕಣೇ. ನೀನು ಚಳಿಗೆ ಹೊದ್ದುಕೊಂಡೆ ಅಂದ್ಕೊಂಡಿದ್ದೆ" ಅಂದರು. ಪಾರ್ಟಿ ಮಾಡಿದವರಿಗೆ ಈಗ ಇಬ್ಬರೂ ಕೂತು ಮೆಸೇಜ್ ಬರೀತಿದ್ದೀವಿ. ಉಂಗುರದ ವಿಷಯವನ್ನೂ ಹಾಕಿದ್ದೀನಿ.