ಮ್ಯಾರಥಾನ್‌ಗೆ ಇನ್ನು ಮೂರೇ ವಾರ: ಎಷ್ಟು ಓಡಬೇಕು, ಎಷ್ಟು ಬಿಡಬೇಕು?

ಎಲ್ಲರಿಗೂ ನಮಸ್ಕಾರ. ಓಟಗಾರರಿಗೆ ತರಬೇತಿ ಕೊಡುವುದು ನನ್ನ ಉದ್ಯೋಗ. ರೇಸ್‌ಗೆ ಮುಂಚಿನ ವಾರಗಳಲ್ಲಿ ಓಟವನ್ನು ಇಳಿಸುತ್ತಾ ಬರುವುದಕ್ಕೆ ನಾವು ಟೇಪರ್ ಅಂತೀವಿ. ತಿಂಗಳುಗಟ್ಟಲೆ ಶ್ರದ್ಧೆಯಿಂದ ಓಡಿದವರು ಈ ಹಂತದಲ್ಲಿ ಗಾಬರಿಬಿದ್ದು ಎಡವಟ್ಟು ಮಾಡಿಕೊಳ್ಳುವುದನ್ನು ತುಂಬಾ ನೋಡಿದ್ದೇನೆ. ಗುಂಪಿನಲ್ಲಿ ಬಹಳ ಜನ ಈಗ ಇದೇ ಹಂತದಲ್ಲಿದ್ದೀರಿ. ಏನು ಬೇಕಾದರೂ ಕೇಳಿ.

ಪ್ರಶ್ನೆ: ಮೇಡಂ, ಇದು ನನ್ನ ಮೊದಲ ಫುಲ್ ಮ್ಯಾರಥಾನ್ (42.195 ಕಿ.ಮೀ.). ಬರುವ ಭಾನುವಾರಕ್ಕೆ ಸರಿಯಾಗಿ ಮೂರು ವಾರ ಉಳಿಯುತ್ತದೆ. ವಾರಕ್ಕೆ ಐದು ದಿನ, ಒಟ್ಟು 60 ಕಿ.ಮೀ. ಓಡುತ್ತಿದ್ದೆ. ನಡುವೆ ಜ್ವರ ಬಂದು ಎರಡು ಲಾಂಗ್ ರನ್ ತಪ್ಪಿಹೋಯಿತು. ಇಲ್ಲಿವರೆಗೆ ಓಡಿದ್ದರಲ್ಲಿ 28 ಕಿ.ಮೀ. ದೊಡ್ಡದು. ರೇಸ್‌ಗೆ ಎರಡು ವಾರ ಇರುವಾಗ ಒಂದು 35 ಓಡಿಬಿಟ್ಟರೆ ಧೈರ್ಯ ಬರುತ್ತೆ ಅನಿಸ್ತಿದೆ. ಓಡಲಾ?

ಉತ್ತರ: ಬೇಡ, ದಯವಿಟ್ಟು ಬೇಡ. ಲಾಂಗ್ ರನ್‌ನ ಲಾಭ ಮರುದಿನವೇ ಕೈಗೆ ಸಿಗುವುದಿಲ್ಲ. ಓಡಿದಾಗ ಸ್ನಾಯುಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಅವುಗಳಲ್ಲಿರುವ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಖರ್ಚಾಗುತ್ತದೆ. ದೇಹ ಅದನ್ನೆಲ್ಲ ಸರಿಮಾಡಿಕೊಂಡು ಮೊದಲಿಗಿಂತ ಒಂದಿಷ್ಟು ಗಟ್ಟಿಯಾಗುವುದಕ್ಕೆ ಹತ್ತು ಹದಿನಾಲ್ಕು ದಿನ ಬೇಕು. ಎರಡು ವಾರ ಇರುವಾಗ 35 ಓಡಿದರೆ, ಆ ಸುಸ್ತು ಪೂರ್ತಿ ಇಳಿಯಿತೋ ಇಲ್ಲವೋ ಅನ್ನುವಷ್ಟರಲ್ಲೇ ನೀವು ಸ್ಟಾರ್ಟ್ ಲೈನಿನಲ್ಲಿ ನಿಂತಿರುತ್ತೀರಿ. ನೀವು ಜ್ವರದಿಂದ ಎದ್ದವರು ಬೇರೆ.

28 ಕಡಿಮೆ ಏನಲ್ಲ. ಅದನ್ನು ಓಡಲು ನಿಮಗೆ ಮೂರು ಗಂಟೆ ಹತ್ತಿರ ಹಿಡಿದಿರಬೇಕು, ಅಲ್ವಾ? ಮೊದಲ ಸಲ ಓಡುವವರಿಗೆ ತರಬೇತಿಯಲ್ಲಿ ಮೂರು ಗಂಟೆಗಿಂತ ಜಾಸ್ತಿ ಓಡಿಸುವುದು ನನಗೆ ಇಷ್ಟವಿಲ್ಲ. ಅಲ್ಲಿಂದ ಮುಂದೆ ಸಿಗುವ ಲಾಭಕ್ಕಿಂತ ಬೀಳುವ ಪೆಟ್ಟೇ ಜಾಸ್ತಿ.

ಜ್ವರ ಬಿಟ್ಟು ವಾರ ಕಳೆದಿದ್ದು, ಮಾಮೂಲಿ ಓಟದಲ್ಲಿ ಏದುಸಿರು ಬರದಿದ್ದರೆ, ಈ ಭಾನುವಾರ 26ರಿಂದ 28 ಕಿ.ಮೀ. ಓಡಿ. ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ಆರಾಮಾಗಿ. ಅದೇ ಕೊನೆಯ ದೊಡ್ಡ ಓಟ. ಅದರ ಮುಂದಿನ ಭಾನುವಾರ 18. ಅದರ ಮುಂದಿನ ಭಾನುವಾರ 12. ಆಮೇಲೆ ರೇಸ್. ತಪ್ಪಿಹೋದ ಎರಡು ಓಟಗಳನ್ನು ತಪ್ಪಿಹೋಯಿತು ಅಂತ ಬಿಟ್ಟುಬಿಡಿ. ಅವನ್ನು ಈಗ ತುಂಬಿಕೊಳ್ಳಲು ಆಗುವುದಿಲ್ಲ.

ಅವರದೇ ಮರುಪ್ರಶ್ನೆ: ಸರಿ ಮೇಡಂ, 35ರ ಆಸೆ ಬಿಟ್ಟೆ. ಹಾಗಾದರೆ ವಾರದ ಲೆಕ್ಕ ಹೇಗೆ? ಟೇಪರ್‌ನಲ್ಲಿ ವೇಗದ ಓಟ ಪೂರ್ತಿ ನಿಲ್ಲಿಸಿ ಎಲ್ಲವನ್ನೂ ನಿಧಾನಕ್ಕೆ ಓಡಬೇಕು ಅಂತ ಗೆಳೆಯರು ಹೇಳ್ತಾರೆ.

ಉತ್ತರ: ಇದನ್ನು ಕೇಳಿದ್ದು ಒಳ್ಳೆಯದಾಯಿತು. ಕಡಿಮೆ ಮಾಡಬೇಕಾದ್ದು ದೂರವನ್ನು, ವೇಗವನ್ನಲ್ಲ. ಓಟ, ಈಜು, ಸೈಕ್ಲಿಂಗ್ ಮೂರರ ಮೇಲೂ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2007ರಲ್ಲಿ ಪ್ರಕಟವಾಯಿತು. ಎರಡು ವಾರದ ಟೇಪರ್‌ನಲ್ಲಿ ದೂರವನ್ನು 41ರಿಂದ 60 ಶೇಕಡಾ ಇಳಿಸಿ, ವೇಗವನ್ನು ಹಾಗೇ ಇಟ್ಟುಕೊಂಡವರಿಗೆ ಹೆಚ್ಚು ಲಾಭ ಅಂತ ಅದರಲ್ಲಿ ಕಂಡುಬಂತು. ಎಲ್ಲವನ್ನೂ ನಿಧಾನಕ್ಕೆ ಓಡಿದರೆ ಕಾಲಿಗೆ ರೇಸ್ ವೇಗದ ಅಭ್ಯಾಸ ತಪ್ಪುತ್ತದೆ, ರೇಸ್ ದಿನ ಆ ವೇಗ ಅಪರಿಚಿತ ಅನಿಸುತ್ತದೆ.

ನಿಮ್ಮ 60ಕ್ಕೆ ಲೆಕ್ಕ ಹಾಕಿದರೆ, ದೊಡ್ಡ ಓಟದ ನಂತರದ ವಾರ 45ರ ಆಸುಪಾಸು, ಅದರ ಮುಂದಿನ ವಾರ 32ರಿಂದ 35. ಭಾನುವಾರದ ಓಟವೂ ಇದರಲ್ಲೇ ಸೇರಿತು. ರೇಸ್ ವಾರ, ರೇಸ್ ಬಿಟ್ಟು, 16 ಸಾಕು. ಓಡುವ ದಿನಗಳನ್ನು ಏಕ್‌ದಂ ಕತ್ತರಿಸಬೇಡಿ. ಐದಿದ್ದದ್ದು ನಾಲ್ಕಾಗಲಿ, ಕೊನೆಯ ವಾರ ಮೂರಾಗಲಿ.

ಕೊನೆಯ ವಾರದ ಮಂಗಳವಾರ ನಾನು ಹೆಚ್ಚುಕಡಿಮೆ ಎಲ್ಲರಿಗೂ ಕೊಡುವುದು ಒಂದೇ ಓಟ. ಎರಡು ಕಿ.ಮೀ. ಜಾಗ್. ಆಮೇಲೆ ರೇಸ್ ದಿನ ಓಡಬೇಕೆಂದಿರುವ ವೇಗದಲ್ಲೇ ಒಂದು ಕಿ.ಮೀ., ಎರಡು ನಿಮಿಷ ಜಾಗ್. ಇದನ್ನು ಮೂರು ಸಲ ಮಾಡಿ, ಎರಡು ಕಿ.ಮೀ. ಜಾಗ್‌ನಲ್ಲಿ ಮುಗಿಸುವುದು. ರೇಸ್‌ಗೆ ಹಾಕುವ ಶೂ, ಸಾಕ್ಸ್, ಶಾರ್ಟ್ಸ್ ಎಲ್ಲ ಹಾಕಿಕೊಂಡೇ ಓಡಿ. ಕಾಲು ಹಗುರಾಗಿರುವುದರಿಂದ ಮೊದಲ ಕಿಲೋಮೀಟರ್ ನಿಮಗೇ ಗೊತ್ತಿಲ್ಲದೆ ಹದಿನೈದು ಇಪ್ಪತ್ತು ಸೆಕೆಂಡ್ ಬೇಗ ಮುಗಿಯುತ್ತದೆ. ಅದನ್ನು ಹಿಡಿದಿಟ್ಟು ಎರಡನೆಯದನ್ನೂ ಮೂರನೆಯದನ್ನೂ ಸರಿಯಾದ ವೇಗಕ್ಕೆ ತರುವುದೇ ಆ ದಿನದ ಪಾಠ. ಮುಗಿದಾಗ ಇನ್ನೆರಡು ಓಡಬಹುದಿತ್ತು ಅನಿಸಬೇಕು. ಅನಿಸಿದರೂ ಓಡಬೇಡಿ. ಗುರುವಾರ ಆರಾಮಾಗಿ 5, ಶನಿವಾರ 3. ಅಷ್ಟೇ.

ಜಿಮ್‌ಗೆ ಹೋಗುವವರು ಭಾರದ ಸ್ಕ್ವಾಟ್, ಲಂಜ್ ಎಲ್ಲವನ್ನೂ ರೇಸ್‌ಗೆ ಹತ್ತು ದಿನ ಮುಂಚೆಯೇ ನಿಲ್ಲಿಸಿ.

ಪ್ರಶ್ನೆ: ನನಗೆ ಹತ್ತು ದಿನ ಉಳಿದಿದೆ. ಓಟ ಕಡಿಮೆ ಮಾಡಿದ ಮೇಲೆ ಕಾಲು ಹಗುರಾಗೋದು ಬಿಟ್ಟು ಇನ್ನೂ ಭಾರ ಅನಿಸ್ತಿದೆ. ನಿನ್ನೆಯಿಂದ ಮೊಣಕಾಲು ಕೂಡ ನೋಯ್ತಿದೆ, ಮೊನ್ನೆ ಹಿಮ್ಮಡಿ ನೋಯ್ತಿತ್ತು. ಇಷ್ಟು ದಿನ ಏನೂ ಇರಲಿಲ್ಲ. ರಾತ್ರಿ ನಿದ್ದೆ ಬರ್ತಿಲ್ಲ. ಫಿಟ್‌ನೆಸ್ ಎಲ್ಲ ಹೋಗಿಬಿಡ್ತಾ?

ಉತ್ತರ: ಎಲ್ಲೂ ಹೋಗಿಲ್ಲ. ಪೂರ್ತಿ ಓಡದೇ ಕೂತರೂ ಒಂದು ವಾರದಲ್ಲಿ ಹೇಳಿಕೊಳ್ಳುವಷ್ಟು ಕಳೆದುಕೊಳ್ಳುವುದಿಲ್ಲ. ನೀವು ಓಡುತ್ತಲೇ ಇದ್ದೀರಿ. ಟೇಪರ್‌ನಲ್ಲಿ ಕಾಲು ಭಾರ ಅನಿಸುವುದು ಬಹಳ ಸಾಮಾನ್ಯ. ಸ್ನಾಯುಗಳು ಗ್ಲೈಕೋಜನ್ ತುಂಬಿಕೊಳ್ಳುತ್ತಾ ಅದರ ಜೊತೆ ನೀರನ್ನೂ ಹಿಡಿದಿಡುತ್ತವೆ. ಇನ್ನು ದಿನಾ ಓಡಿ ಸುಸ್ತಾಗುತ್ತಿದ್ದವರು ಈಗ ಸುಸ್ತಾಗುತ್ತಿಲ್ಲ. ಹಾಗಾಗಿ ಇಡೀ ದಿನ ಗಮನವೆಲ್ಲ ಮೈಮೇಲೇ ಇರುತ್ತದೆ. ಮೊದಲು ಲೆಕ್ಕಕ್ಕೇ ಬರದಿದ್ದ ಸಣ್ಣ ನೋವೂ ಈಗ ದೊಡ್ಡದಾಗಿ ಕಾಣುತ್ತದೆ.

ಆದರೆ ಎಲ್ಲ ನೋವನ್ನೂ ಟೇಪರ್ ನೋವು ಅಂತ ತಳ್ಳಿಹಾಕಬಾರದು. ನಿಮ್ಮ ನೋವು ಇವತ್ತು ಮೊಣಕಾಲು, ಮೊನ್ನೆ ಹಿಮ್ಮಡಿ ಅಂತ ಜಾಗ ಬದಲಿಸುತ್ತಿದೆ. ಓಡಲು ಶುರು ಮಾಡಿ ಹತ್ತು ನಿಮಿಷಕ್ಕೆ ಮರೆತೂ ಹೋಗುತ್ತಿದ್ದರೆ ಅಂಥ ನೋವಿಗೆ ನಾನು ಹೆದರುವುದಿಲ್ಲ. ಒಂದೇ ಜಾಗ, ಅದೂ ಎಲುಬಿನ ಮೇಲೆ ಬೆರಳ ತುದಿ ಇಟ್ಟು ತೋರಿಸುವಂಥ ಜಾಗ, ಓಡಿದಷ್ಟೂ ಜಾಸ್ತಿಯಾಗುವುದು, ಮಲಗಿದಾಗಲೂ ನೋಯುವುದು, ಆ ಕಾಲೊಂದರಲ್ಲೇ ಕುಪ್ಪಳಿಸಿದರೆ ಚುಳ್ ಅನ್ನುವುದು: ಇದು ಎಲುಬಿನಲ್ಲಿ ಬಿರುಕಿನ ಲಕ್ಷಣ ಇರಬಹುದು. ಇಂಥ ನೋವಿದ್ದರೆ, ಊತ ಇದ್ದರೆ, ನೋವಿನಿಂದ ಓಟದ ಧಾಟಿಯೇ ಬದಲಾಗಿ ಕುಂಟುತ್ತಿದ್ದರೆ, ಆವತ್ತೇ ಓಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಮಾತ್ರೆ ನುಂಗಿ ರೇಸ್ ಓಡುತ್ತೇನೆ ಅನ್ನಬೇಡಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಿ, ಬೆವರು ಹರಿಸುತ್ತಾ ಗಂಟೆಗಟ್ಟಲೆ ಓಡುವುದು ಕಿಡ್ನಿಗೆ ಒಳ್ಳೆಯದಲ್ಲ.

ನಿದ್ದೆಯ ವಿಷಯ. ರೇಸ್ ಹಿಂದಿನ ರಾತ್ರಿ ನಿದ್ದೆ ಸರಿಯಾಗಿ ಬರದಿದ್ದರೆ ಪರವಾಗಿಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಒಂದು ರಾತ್ರಿ ಕೆಟ್ಟರೆ ಓಟ ಕೆಡುವುದಿಲ್ಲ. ಅದರ ಹಿಂದಿನ ನಾಲ್ಕೈದು ರಾತ್ರಿ ಬೇಗ ಮಲಗಿ. ಓಟದಿಂದ ಉಳಿದ ಹೊತ್ತನ್ನು ಬೇರೆ ಕೆಲಸಕ್ಕೆ ಕೊಡದೆ ನಿದ್ದೆಗೇ ಕೊಡಿ.

ಪ್ರಶ್ನೆ: ಕೊನೆಯ ದಿನಗಳಲ್ಲಿ ಕಾರ್ಬ್ ಲೋಡಿಂಗ್ (ಅನ್ನ, ಬ್ರೆಡ್ ಥರದ ಕಾರ್ಬೋಹೈಡ್ರೇಟ್ ಜಾಸ್ತಿ ತಿನ್ನೋದು) ಮಾಡಬೇಕು ಅಂತಾರೆ. ಕಳೆದ ಸಲ ಮಾಡಿದಾಗ ಎರಡು ಕೆಜಿ ಏರಿದ್ದೆ, ಹೊಟ್ಟೆ ಉಬ್ಬರ ಬೇರೆ. ಈ ಸಲ ಸುಮ್ನೆ ಮಾಮೂಲಿ ಊಟ ಮಾಡಿದರೆ ಸಾಲದಾ? ತೂಕ 70 ಕೆಜಿ.

ಉತ್ತರ: ಸಾಲುವುದಿಲ್ಲ ಅಂತಲೇ ಹೇಳುತ್ತೇನೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಳ್ಳುತ್ತದೆ. ನೀವು ಏರಿದ ತೂಕದಲ್ಲಿ ದೊಡ್ಡ ಪಾಲು ಅದೇ. ಅದು ಕೊಬ್ಬಲ್ಲ, ರೇಸ್ ದಿನ ಖರ್ಚಾಗಿ ಹೋಗುವ ಸರಕು. 30 ಕಿ.ಮೀ. ದಾಟಿದ ಮೇಲೆ ಕಾಲು ಕಲ್ಲಾಗಿ ನಿಲ್ಲುವುದಕ್ಕೆ ಈ ಸರಕು ಮುಗಿಯುವುದು ಒಂದು ಮುಖ್ಯ ಕಾರಣ.

ರೇಸ್‌ಗೆ ಮುಂಚಿನ 36ರಿಂದ 48 ಗಂಟೆ, ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 12 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಕ್ರೀಡಾ ಆಹಾರ ತಜ್ಞರು ಹೇಳುವ ಅಳತೆ. ನಿಮಗೆ ಅದು ದಿನಕ್ಕೆ 700 ಗ್ರಾಂ ಮೇಲೆ. ಬಹಳ ಜಾಸ್ತಿ, ಒಪ್ಪುತ್ತೇನೆ. ಮೊದಲ ಸಲ 7 ಅಥವಾ 8 ಗ್ರಾಂ ಮುಟ್ಟಿದರೂ ಮಾಮೂಲಿ ಊಟಕ್ಕಿಂತ ಎಷ್ಟೋ ಮೇಲು. ಹೊಟ್ಟೆ ಉಬ್ಬರಿಸಿದ್ದು ಯಾಕೆ ಅಂದರೆ, ಎಲ್ಲವನ್ನೂ ತಿಂದು ಅದರ ಮೇಲೆ ಕಾರ್ಬ್ ಸೇರಿಸಿರಬೇಕು. ಹಾಗೆ ಮಾಡಬಾರದು. ಆ ಎರಡು ದಿನ ಎಣ್ಣೆ ಪದಾರ್ಥ, ಕಾಳು, ಹಸಿ ತರಕಾರಿ ಕಡಿಮೆ ಮಾಡಿ. ಆ ಜಾಗದಲ್ಲಿ ಅನ್ನ, ಬಿಳಿ ಬ್ರೆಡ್, ಆಲೂಗಡ್ಡೆ, ಬಾಳೆಹಣ್ಣು, ಜ್ಯೂಸ್ ಬರಲಿ. ಒಂದೇ ರಾತ್ರಿ ಕುತ್ತಿಗೆವರೆಗೆ ತಿನ್ನುವುದರಿಂದ ಉಪಯೋಗವಿಲ್ಲ, ಬೆಳಿಗ್ಗೆ ಟಾಯ್ಲೆಟ್ ಸಾಲಿನಲ್ಲಿ ಒದ್ದಾಡಬೇಕಾಗುತ್ತದೆ. ದೊಡ್ಡ ಊಟ ಮಧ್ಯಾಹ್ನವೇ ಆಗಲಿ. ಮಧುಮೇಹ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ.

ಪ್ರಶ್ನೆ: ನೀರು ಎಷ್ಟು ಕುಡೀಬೇಕು ಮೇಡಂ? ನಾನು ದಾರಿಯಲ್ಲಿ ನೀರು ಕೊಡೋ ಪ್ರತಿ ಸ್ಟೇಷನ್‌ನಲ್ಲೂ ಎರಡು ಕಪ್ ಕುಡಿಯೋ ಪ್ಲಾನ್ ಹಾಕಿದ್ದೀನಿ. ಐದು ಗಂಟೆ ಮೇಲೆ ಹಿಡಿಯುತ್ತೆ ನನಗೆ.

ಉತ್ತರ: ಆ ಪ್ಲಾನ್ ಬದಲಾಯಿಸಿ. ನಿಧಾನಕ್ಕೆ ಓಡುವವರಿಗೆ ಕಡಿಮೆ ನೀರಿನಷ್ಟೇ ಅತಿಯಾದ ನೀರೂ ಅಪಾಯ. ರಕ್ತದಲ್ಲಿ ಸೋಡಿಯಂ ತೆಳುವಾಗಿಬಿಡುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಓಡುತ್ತಾ ತೂಕ ಏರಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಜಾಸ್ತಿ ಹಿಡಿದವರಲ್ಲಿ ಇದು ಹೆಚ್ಚು. ಬಾಯಾರಿಕೆ ಆದಾಗ ಕುಡಿಯಿರಿ. ಬಾಯಾರಿಕೆ ಇಲ್ಲದಿದ್ದರೆ ಸ್ಟೇಷನ್ ದಾಟಿ ಹೋಗಿ. ತಲೆನೋವು, ವಾಕರಿಕೆ, ಬೆರಳುಗಳ ಊತ ಕಂಡರೆ ಇನ್ನಷ್ಟು ನೀರು ಕುಡಿಯದೆ ಸೀದಾ ವೈದ್ಯಕೀಯ ಟೆಂಟ್‌ಗೆ ಹೋಗಿ.

ಪ್ರಶ್ನೆ: ನಾಲ್ಕು ಗಂಟೆ ಒಳಗೆ ಮುಗಿಸಬೇಕು ಅಂತ ಇದೆ. ಕಿ.ಮೀ.ಗೆ 5 ನಿಮಿಷ 41 ಸೆಕೆಂಡ್ ಅಂತ ವಾಚ್‌ನಲ್ಲಿ ಸೆಟ್ ಮಾಡಿಟ್ಟಿದ್ದೇನೆ. ಮೊದಲರ್ಧ ಸ್ವಲ್ಪ ಬೇಗ ಓಡಿ ಕೈಯಲ್ಲಿ ನಾಲ್ಕು ನಿಮಿಷ ಇಟ್ಟುಕೊಂಡರೆ ಒಳ್ಳೆಯದಲ್ವಾ?

ಉತ್ತರ: ಎರಡೂ ವಿಷಯದಲ್ಲಿ ಎಚ್ಚರ. ಮೊದಲು ವಾಚ್. 42.195 ಕಿ.ಮೀ.ಗೆ 5:41ರಂತೆ ಓಡಿದರೆ 3 ಗಂಟೆ 59 ನಿಮಿಷ 48 ಸೆಕೆಂಡ್ ಆಗುತ್ತದೆ, ಲೆಕ್ಕ ಸರಿ. ಆದರೆ ಕೋರ್ಸ್, ಅಂದರೆ ರೇಸ್ ದಾರಿ, ಅಳೆಯುವುದು ತಿರುವುಗಳಲ್ಲಿ ಅಂಚಿಗೆ ಅಂಟಿಕೊಂಡು ಹೋಗುವ ಅತಿ ಹತ್ತಿರದ ದಾರಿಯಲ್ಲಿ. ಜನಜಂಗುಳಿಯಲ್ಲಿ ಯಾರೂ ಆ ಗೆರೆಯ ಮೇಲೇ ಓಡಲು ಆಗುವುದಿಲ್ಲ. ಜೊತೆಗೆ ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಅಡ್ಡಾದಿಡ್ಡಿ ಹಾರುತ್ತದೆ. ಫಿನಿಶ್ ಲೈನಿನಲ್ಲಿ ವಾಚ್ 42.7 ತೋರಿಸಿತು ಅಂತಿಟ್ಟುಕೊಳ್ಳಿ. ಇಡೀ ದಾರಿ ಅದು 5:41 ತೋರಿಸುತ್ತಿದ್ದರೂ ನಿಮ್ಮ ಸಮಯ 4 ಗಂಟೆ 2 ನಿಮಿಷ 40 ಸೆಕೆಂಡ್ ಆಗಿರುತ್ತದೆ! ವಾಚ್‌ನಲ್ಲಿ ಆಟೋ ಲ್ಯಾಪ್, ಅಂದರೆ ವಾಚ್ ತಾನಾಗೇ ಪ್ರತಿ ಕಿ.ಮೀ. ಗುರುತು ಮಾಡುವುದನ್ನು, ಆಫ್ ಮಾಡಿ. ರಸ್ತೆ ಬದಿಯ ಪ್ರತಿ ಕಿಲೋಮೀಟರ್ ಬೋರ್ಡ್ ಹತ್ತಿರ ನೀವೇ ಲ್ಯಾಪ್ ಬಟನ್ ಒತ್ತಿ. 10 ಕಿ.ಮೀ. ಬೋರ್ಡ್‌ಗೆ 56:50, ಹಾಫ್‌ಗೆ 1:59:54. ಈ ಎರಡು ಸಮಯ ಕೈಮೇಲೆ ಬರೆದುಕೊಳ್ಳಿ.

ಇನ್ನು ಸಮಯ ಕೂಡಿಡುವ ಮಾತು. ಮೊದಲರ್ಧದಲ್ಲಿ ಬೇಗ ಓಡಿದರೆ ಗ್ಲೈಕೋಜನ್ ಬೇಗ ಮುಗಿಯುತ್ತದೆ. ಅಲ್ಲಿ ಉಳಿಸಿದ ನಾಲ್ಕು ನಿಮಿಷದ ಬದಲು ಕೊನೆಯ ಹತ್ತು ಕಿಲೋಮೀಟರ್‌ಗಳಲ್ಲಿ ಹತ್ತು ನಿಮಿಷ ಕಳೆಯುತ್ತೀರಿ. 2023ರಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಂ ಶಿಕಾಗೊದಲ್ಲಿ 2:00:35 ಓಡಿ ವಿಶ್ವ ದಾಖಲೆ ಮಾಡಿದಾಗ ಮೊದಲರ್ಧ 60:48, ಎರಡನೆಯದು 59:47. ಅಂಥವರೇ ಮೊದಲರ್ಧ ಬಿಗಿಹಿಡಿದು ಓಡುತ್ತಾರೆ. ಮೊದಲ ಐದು ಕಿ.ಮೀ. 5:45ರಲ್ಲೇ ಹೋಗಿ. ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. ಅವರಲ್ಲಿ ಬಹಳ ಜನ 35ರ ಆಚೆ ನಡೆದುಕೊಂಡು ಹೋಗುತ್ತಿರುತ್ತಾರೆ.

ಪ್ರಶ್ನೆ: ಬಿಬ್ (ಎದೆ ಮೇಲೆ ಹಚ್ಚಿಕೊಳ್ಳೋ ನಂಬರ್) ತಗೊಳ್ಳೋಕೆ ಹಿಂದಿನ ದಿನವೇ ಎಕ್ಸ್‌ಪೋಗೆ ಹೋಗಬೇಕು. ಅಲ್ಲೇ ಹೊಸ ಕಾರ್ಬನ್ ಪ್ಲೇಟ್ ಶೂ ತಗೊಂಡು ಮರುದಿನ ಓಡಬಹುದಾ?

ಉತ್ತರ: ತಗೊಳ್ಳಿ, ಮರುದಿನ ಹಾಕಬೇಡಿ. ಒಂದಾದರೂ ಲಾಂಗ್ ರನ್‌ನಲ್ಲಿ ಹಾಕಿ ನೋಡದ ಯಾವುದೂ ರೇಸ್ ದಿನ ಮೈಮೇಲೆ ಇರಬಾರದು. ಓಡುವಾಗ ಶಕ್ತಿಗೆ ನುಂಗುವ ಜೆಲ್‌ಗೂ ಇದೇ ಮಾತು. ಸಾಧ್ಯವಿದ್ದರೆ ಬಿಬ್ ಎರಡು ದಿನ ಮುಂಚೆಯೇ ತಗೊಳ್ಳಿ. ಎಕ್ಸ್‌ಪೋದ ಗಟ್ಟಿ ನೆಲದ ಮೇಲೆ ಮೂರು ಗಂಟೆ ಸುತ್ತಾಡಿದರೆ ಶನಿವಾರದ ವಿಶ್ರಾಂತಿ ಪೂರ್ತಿ ಹಾಳು.

ಪ್ರಶ್ನೆ: ಐದು ದಿನ ಉಳಿದಿದೆ, ಇವತ್ತು ಗಂಟಲು ಕೆರೆತ ಶುರುವಾಗಿದೆ. ಏನು ಮಾಡಲಿ?

ಉತ್ತರ: ಇವತ್ತು, ನಾಳೆ ಓಡಬೇಡಿ. ಎರಡು ದಿನ ಬಿಟ್ಟರೆ ಭಾನುವಾರದ ಓಟಕ್ಕೆ ಏನೂ ಕಡಿಮೆಯಾಗುವುದಿಲ್ಲ. ಗಂಟಲು, ಮೂಗಿನಲ್ಲೇ ನಿಂತು ಕಡಿಮೆಯಾಗುತ್ತಾ ಬಂದರೆ ಗುರುವಾರ ಇಪ್ಪತ್ತು ನಿಮಿಷ ಓಡಿ ನೋಡಿ. ಜ್ವರ, ಎದೆಯಲ್ಲಿ ಕಫ, ಮೈಕೈ ನೋವು ಬಂದರೆ ಭಾನುವಾರ ಓಡುವಂತಿಲ್ಲ. ವೈರಸ್ ಮೈಯಲ್ಲಿರುವಾಗ ಅಷ್ಟು ಶ್ರಮಪಟ್ಟರೆ ಹೃದಯದ ಸ್ನಾಯುವಿಗೆ ಉರಿಯೂತ ಆಗುವ ಅಪಾಯ ಇದೆ. ಆ ವಿಷಯದಲ್ಲಿ ನನ್ನ ಹತ್ತಿರ ತರಬೇತಿ ಪಡೆಯುವ ಯಾರಿಗೂ ನಾನು ರಿಯಾಯಿತಿ ಕೊಟ್ಟಿಲ್ಲ. ನಿಮ್ಮ ರೇಸ್‌ನ ನಿಯಮಗಳಲ್ಲಿ ಎಂಟ್ರಿಯನ್ನು ಮುಂದಿನ ವರ್ಷಕ್ಕೆ ದಾಟಿಸಲು ಅವಕಾಶ ಇದೆಯಾ, ಅದಕ್ಕೆ ಕೊನೆಯ ದಿನ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಶುಕ್ರವಾರ ಸಂಜೆ ಹೇಗಿದ್ದೀರಿ ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.