ಕಾಫಿ ಹಣ್ಣು ಚೆರಿನಾ, ಬೆರ್ರಿನಾ? ಮತ್ತೆ ಒಣಗಿಸಿದ ಚೆರಿಗೆ ಏನನ್ನೋದು?

ಎಲ್ರಿಗೂ ನಮಸ್ಕಾರ. ಕಾಫಿ ವಿಷಯ ಇಂಗ್ಲಿಷಲ್ಲಿ ಬರೆಯೋವಾಗ ಚೆರಿ, ಬೆರ್ರಿ, ಬೀನ್, ಸೀಡ್ ಅಂತ ನಾಲ್ಕು ಪದ ಓಡಾಡ್ತಾವೆ. ಡಿಕ್ಷನರಿ ತೆಗೆದ್ರೆ ಮೊದಲಿನ ಎರಡಕ್ಕೆ ಹಣ್ಣು, ಆಮೇಲಿನ ಎರಡಕ್ಕೆ ಬೀಜ ಅಂತ ಕೊಟ್ಟು ಕೈ ತೊಳ್ಕೊಂಡಿರ್ತಾರೆ, ಆದ್ರೆ ಒಂದರ ಜಾಗಕ್ಕೆ ಇನ್ನೊಂದನ್ನ ತಂದು ಕೂರಿಸೋಕೆ ಆಗಲ್ಲ. ನಾವು ಕೊಡಗಿನ ಸಿದ್ದಾಪುರದ ಕಡೆ ತೋಟದೋರು, ಹಾಗಾಗಿ ಯಾವುದು ಎಲ್ಲಿ ನಡೆಯುತ್ತೆ ಅನ್ನೋದು ಕಿವಿಗೆ ಬಿದ್ದು ಬಿದ್ದು ಗೊತ್ತಿದೆ. ಒಂದು ಕಡೆ ಮಾತ್ರ ನಿಮ್ಮ ಸಲಹೆ ಬೇಕು.

ಗಿಡದ ಮೇಲೆ ಕೆಂಪಗೆ ಹಣ್ಣಾಗಿರೋದನ್ನ ಈಗ ಹೊರಗಿನ ಕೊಳ್ಳೋರು, ಕೆಫೆ ನಡೆಸೋರು ಎಲ್ಲ ಚೆರಿ ಅಂತಾನೇ ಬರೀತಾರೆ. ಬೆರ್ರಿ ಅಂದ್ರೂ ಅದೇ ಹಣ್ಣು. ಸಸ್ಯಶಾಸ್ತ್ರದ ಪ್ರಕಾರ ಅದು ಬೆರ್ರಿನೂ ಅಲ್ಲ ಬಿಡಿ, ಮಾವಿನ ಹಾಗೆ ಡ್ರೂಪ್ ಜಾತಿಗೆ ಸೇರಿದ್ದು. ಆದ್ರೂ ಕೆಲವು ಹೆಸರಲ್ಲಿ ಬೆರ್ರಿ ಗಟ್ಟಿಯಾಗಿ ಕೂತುಬಿಟ್ಟಿದೆ. ಹಣ್ಣು ಕೊರೆಯೋ ಹುಳಕ್ಕೆ ಬೆರ್ರಿ ಬೋರರ್ ಅಂತಾನೇ ಹೇಳಬೇಕು, ಚೆರಿ ಬೋರರ್ ಅಂತ ಯಾರೂ ಅನ್ನಲ್ಲ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡು ಬೀಜ ಇದ್ರೆ ಅದು ಪೀಬೆರ್ರಿ, ಗ್ರೇಡಲ್ಲಿ ಪಿಬಿ ಅಂತ ಬರೋದು ಇದೇ, ಇಲ್ಲಂತೂ ಬೆರ್ರಿ ಅನ್ನೋದು ಹಣ್ಣು ಬಿಟ್ಟು ಬೀಜಕ್ಕೆ ಹೋಗಿ ಅಂಟ್ಕೊಂಡಿದೆ. ಅಂದ್ರೆ ಪಕ್ಕದಲ್ಲಿ ಯಾವ ಪದ ಇದೆ ಅನ್ನೋದು ನೋಡದೆ ಬರೀ ಅರ್ಥ ನೋಡಿ ಆರಿಸೋಕೆ ಹೋದ್ರೆ ಕೆಲಸ ಕೆಡುತ್ತೆ.

ಬೀನ್ ಮತ್ತು ಸೀಡ್ ವ್ಯತ್ಯಾಸ ತಿಳೀಬೇಕಾದ್ರೆ ಒಂದು ಹಣ್ಣನ್ನ ಬೆರಳಲ್ಲಿ ಹಿಸುಕಿ ನೋಡಿ. ಕೆಂಪು ಸಿಪ್ಪೆ ಒಡೆದು ಎರಡು ಬೀಜ ಜಾರಿ ಹೊರಗೆ ಬರುತ್ತೆ, ಮೈಯೆಲ್ಲ ಲೋಳೆ, ನಾಲಿಗೆಗೆ ಸಿಹಿ. ಲೋಳೆ ತೊಳೆದು ಒಣಗಿಸಿದ್ರೆ ಮೇಲೆ ಗರಿಗರಿ ಹೊಟ್ಟು ಉಳಿಯುತ್ತೆ, ಅದೇ ಪಾರ್ಚ್‌ಮೆಂಟ್, ಅದರ ಒಳಗೆ ಇನ್ನೂ ತೆಳ್ಳಗೆ ಒಂದು ಪೊರೆ, ಅದಕ್ಕೆ ಸಿಲ್ವರ್ ಸ್ಕಿನ್ ಅಂತಾರೆ. ಈಗ ಪಾರ್ಚ್‌ಮೆಂಟ್ ಸಮೇತ ಇರೋ ಅದೇ ಕಾಳನ್ನ ನರ್ಸರಿ ಪಾತಿಗೆ ಹಾಕಿದ್ರೆ ಅದು ಸೀಡ್, ಮೂಟೆ ಕಟ್ಟಿ ಮಾರೋಕೆ ಕೊಟ್ರೆ ಪಾರ್ಚ್‌ಮೆಂಟ್, ಕ್ಯೂರಿಂಗ್‌ನಲ್ಲಿ ಹೊಟ್ಟು ಬಿಡಿಸಿ ಹುರಿಯೋಕೆ ತಗೊಂಡ್ರೆ ಬೀನ್. ಕನ್ನಡದಲ್ಲಿ ನಾವು ಮೂರಕ್ಕೂ ಕಾಫಿ ಬೀಜ ಅಂದ್ಬಿಡ್ತೀವಿ, ಅದರಿಂದ ಏನೂ ತೊಂದ್ರೆ ಇಲ್ಲ, ಇಂಗ್ಲಿಷಿಗೆ ಹೋಗುವಾಗ ಮಾತ್ರ ಆ ಬೀಜದಿಂದ ಏನು ಮಾಡ್ತಿದ್ದೀವಿ ಅನ್ನೋದನ್ನ ಮೊದಲು ಕೇಳ್ಕೋಬೇಕು.

ಇನ್ನು ನನ್ನ ಪ್ರಶ್ನೆ. ಅಕ್ಕನ ಮಗಳು ಮನೆ ತೋಟದ ರೋಬಸ್ಟಾ ಜಾತಿ ಕಾಫಿನ ತಾನೇ ಹುರಿದು ಪ್ಯಾಕೆಟ್ ಮಾಡಿ ಮಾರೋಕೆ ಶುರು ಮಾಡಿದ್ದಾಳೆ, ಪ್ಯಾಕೆಟ್ ಮೇಲೆ ರೋಬಸ್ಟಾ ಚೆರಿ ಅಂತ ಹಾಕಿದ್ಲು. ನಮ್ಮಲ್ಲಿ ಅದರಲ್ಲಿ ಗೊಂದಲವೇ ಇಲ್ಲ. ಹಣ್ಣನ್ನ ಸಿಪ್ಪೆ ಬಿಡಿಸೋ ಪಲ್ಪರ್‌ಗೆ ಹಾಕದೆ ಇಡಿಯಾಗಿ ಕಣದಲ್ಲಿ ಹರಡಿ ಒಣಗಿಸ್ತೀವಿ, ಕಪ್ಪಾಗಿ, ಒಂದು ಹಿಡಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿದ್ರೆ ಗಲಗಲ ಅಂದ್ರೆ ಒಣಗಿದೆ ಅಂತ, ಅದೇ ಚೆರಿ. ವ್ಯಾಪಾರಿ ಹತ್ರ ಹೋದ್ರೆ 50 ಕೆಜಿ ಮೂಟೆಗೆ ಚೆರಿ ರೇಟು ಬೇರೆ, ಪಾರ್ಚ್‌ಮೆಂಟ್ ರೇಟು ಬೇರೆ. ಕಾಫಿ ಬೋರ್ಡಿನ ಗ್ರೇಡುಗಳಲ್ಲೂ ಹಾಗೇ, ಪಲ್ಪ್ ಮಾಡಿ ತೊಳೆದ ಅರೇಬಿಕಾಕ್ಕೆ (ಕಾಫಿಯ ಇನ್ನೊಂದು ಜಾತಿ) ಪ್ಲಾಂಟೇಶನ್, ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್, ಹಣ್ಣಲ್ಲೇ ಒಣಗಿದ್ದಕ್ಕೆ ಎರಡರಲ್ಲೂ ಚೆರಿ. ಆದ್ರೆ ಹೊರಗಿನಿಂದ ಬಂದ ಗಿರಾಕಿಯೊಬ್ರು ಪ್ಯಾಕೆಟ್ ತಿರುಗಿಸಿ ನೋಡಿ, ಇದಕ್ಕೆ ಚೆರಿ ಹಣ್ಣಿನ ಫ್ಲೇವರ್ ಹಾಕಿದ್ದೀರಾ ಅಂತ ಕೇಳಿದ್ರಂತೆ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ, ಅವರು ಬಲ್ಲ ಇಂಗ್ಲಿಷಲ್ಲಿ ಚೆರಿ ಅಂದ್ರೆ ಒಂದೋ ಆ ಹಣ್ಣು, ಇಲ್ಲಾಂದ್ರೆ ಗಿಡದ ಮೇಲಿನ ಹಸಿ ಕಾಫಿ ಹಣ್ಣು, ಒಣಗಿಸೋ ವಿಧಾನದ ಹೆಸರು ಅಲ್ವೇ ಅಲ್ಲ.

ಹಾಗಾದ್ರೆ ಏನು ಬರೆಯೋದು? ಅನ್‌ವಾಷ್ಡ್ ಅಂದ್ರೆ ವ್ಯಾಪಾರದಲ್ಲಿ ಸರಿಯಾದ ಪದವೇ, ಆದ್ರೆ ಮನೆಗೆ ಪುಡಿ ತಗೊಂಡು ಹೋಗೋರಿಗೆ ತೊಳೀದೆ ಇರೋ ಕೊಳಕು ಅನ್ನೋ ಅರ್ಥವೇ ಮೊದಲು ಹೊಳೆಯುತ್ತೆ, ಬೇಡ. ಸನ್ ಡ್ರೈಡ್ ಅಂತ ತುಂಬಾ ಜನ ಹಾಕ್ತಾರೆ, ಕೇಳೋಕೆ ಚೆಂದ, ಆದ್ರೆ ಪಾರ್ಚ್‌ಮೆಂಟನ್ನೂ ಬಿಸಿಲಲ್ಲೇ ತಾನೇ ಒಣಗಿಸೋದು, ಹಾಗಾಗಿ ಆ ಪದ ಯಾವ ವ್ಯತ್ಯಾಸನೂ ಹೇಳಲ್ಲ. ಡ್ರೈ ಪ್ರೋಸೆಸ್ಡ್ ಅಂದ್ರೆ ತಪ್ಪಿಲ್ಲ, ಆದ್ರೆ ಫ್ಯಾಕ್ಟರಿ ಕಾಗದದ ಭಾಷೆ. ಉಳಿದಿದ್ದು ನ್ಯಾಚುರಲ್. ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬ್ರೆಜಿಲಿಯನ್ ನ್ಯಾಚುರಲ್ಸ್ ಅಂತ ಒಂದು ಗುಂಪೇ ಇದೆ, ಕಾಫಿ ಬಲ್ಲೋರಿಗೆ ತಕ್ಷಣ ಅರ್ಥ ಆಗುತ್ತೆ. ತೊಂದ್ರೆ ಏನಂದ್ರೆ ತಿನ್ನೋ ಕುಡಿಯೋ ಪದಾರ್ಥದ ಮೇಲೆ ನ್ಯಾಚುರಲ್ ಅಂತ ಒಂದೇ ಪದ ಇದ್ರೆ ಕೆಮಿಕಲ್ ಹಾಕಿಲ್ಲ ಅಂತಾನೇ ಜನ ಓದ್ತಾರೆ, ಅದು ನಾವು ಹೇಳೋಕೆ ಹೊರಟ ಮಾತಲ್ಲ. ನನ್ನ ಪ್ರಕಾರ ನ್ಯಾಚುರಲ್ ಪ್ರೋಸೆಸ್ ಅಂತ ಎರಡೂ ಪದ ಸೇರಿಸಿ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಹಣ್ಣನ್ನ ಇಡಿಯಾಗಿ ಒಣಗಿಸಿದ್ದು ಅನ್ನೋದನ್ನ ವಾಕ್ಯವಾಗಿ ಹೇಳೋದು ಒಳ್ಳೇದು. ಇದಕ್ಕಿಂತ ಚೆನ್ನಾಗಿರೋ ಪದ ನಿಮ್ಮ ಹತ್ರ ಇದ್ರೆ ದಯವಿಟ್ಟು ಹೇಳಿ, ಮುಂದಿನ ಪ್ರಿಂಟ್ ಕೊಡೋದ್ರೊಳಗೆ ಬೇಕು.

ತೋಟಕ್ಕೆ ಎಸ್ಟೇಟ್, ಪ್ಲಾಂಟೇಶನ್, ಫಾರ್ಮ್ ಯಾವುದು ಅಂತಾನೂ ಅವಳು ಕೇಳಿದ್ಲು, ಅದಕ್ಕೆ ನಾನೇ ಹೇಳಿದ್ದೀನಿ. ಪ್ಲಾಂಟೇಶನ್ ಅಂದ್ರೆ ಈಗಾಗಲೇ ಗ್ರೇಡಿನ ಹೆಸರು, ರೋಬಸ್ಟಾ ಪ್ಯಾಕೆಟ್ ಮೇಲೆ ಹಾಕಿದ್ರೆ ಅರೇಬಿಕಾ ಬೆರೆಸಿದ್ದಾರಾ ಅಂತ ಬಲ್ಲೋರು ಕೇಳ್ತಾರೆ, ಅಮೆರಿಕದೋರ ಕಿವಿಗೆ ಅದರಲ್ಲಿ ಗುಲಾಮಗಿರಿ ಕಾಲದ ನೆನಪೂ ಇದೆ. ಫಾರ್ಮ್ ಅಂದ್ರೆ ಕೊಡಗಲ್ಲಿ ಕೋಳಿ ಹಂದಿ ಸಾಕೋ ಜಾಗ ಅನ್ಸುತ್ತೆ. ಎಕರೆ ಕಮ್ಮಿ ಇದ್ರೂ ಎಸ್ಟೇಟ್ ಅಂದ್ರೇ ಸರಿ, ಇಲ್ಲಿ ಎಲ್ಲರೂ ಹಾಗೇ ಅನ್ನೋದು. ಕೂರ್ಗ್ ಅಂತ ಬರೆಯೋದಾ ಕೊಡಗು ಅಂತಾನಾ ಅನ್ನೋದಕ್ಕೂ ಅಷ್ಟೇ, ನನಗೆ ಕೊಡಗೇ ಇಷ್ಟ, ಆದ್ರೆ 2019ರಲ್ಲಿ ಜಿಐ, ಅಂದ್ರೆ ಊರಿನ ಹೆಸರಿನ ಮೇಲೆ ಕೊಡೋ ಭೌಗೋಳಿಕ ಗುರುತು, ಸಿಕ್ಕಿದ್ದು ಕೂರ್ಗ್ ಅರೇಬಿಕಾ ಅನ್ನೋ ಹೆಸರಿಗೆ, ಅರೇಬಿಕಾ ಮಾರೋರು ಆ ಹೆಸರನ್ನ ಬದಲಾಯಿಸೋ ಹಾಗಿಲ್ಲ. ರೋಬಸ್ಟಾಕ್ಕೆ ಅದು ಅನ್ವಯ ಆಗಲ್ಲ, ಹಾಗಾಗಿ ಕೊಡಗು ಅಂತಾನೇ ಹಾಕ್ಸಿದ್ದೀನಿ.

ಕೊನೇದು ಒಂದು, ಇದು ನನಗೆ ತುಂಬಾ ದಿನದಿಂದ ಕಿರಿಕಿರಿ ಆಗ್ತಿರೋ ವಿಷಯ. ಕಾಫಿ ಕುಯ್ಲಿಗೆ ಇಂಗ್ಲಿಷಲ್ಲಿ ಪ್ಲಕಿಂಗ್ ಅಂತ ಸುಮಾರು ಜನ ಬರೀತಾರೆ. ಪ್ಲಕಿಂಗ್ ಟೀ ಸೊಪ್ಪಿಗೆ. ಕಾಫಿಗೆ ಪಿಕಿಂಗ್. ಅದರಲ್ಲೂ ಹಂತಕ್ಕೊಂದು ಹೆಸರಿದೆ, ಮೊದಲು ಅಲ್ಲೊಂದು ಇಲ್ಲೊಂದು ಹಣ್ಣಾಗಿದ್ದನ್ನ ಆರಿಸಿ ಕುಯ್ಯೋದು ಫ್ಲೈ ಪಿಕಿಂಗ್, ಆಮೇಲೆ ಮೇನ್ ಪಿಕಿಂಗ್, ಕೊನೆಗೆ ಕಾಯಿ ಹಣ್ಣು ನೋಡದೆ ಗಿಡದಲ್ಲಿ ಉಳಿದಿದ್ದನ್ನೆಲ್ಲ ತೆಗೆಯೋದು ಸ್ಟ್ರಿಪಿಂಗ್, ಬುಡದಲ್ಲಿ ಉದುರಿದ್ದನ್ನ ಹೆಕ್ಕೋದು ಗ್ಲೀನಿಂಗ್. ಹೆಕ್ಕದೆ ಬಿಟ್ರೆ ಬೆರ್ರಿ ಬೋರರ್ ಅದರಲ್ಲೇ ಉಳ್ಕೊಂಡು ಮುಂದಿನ ಫಸಲಿಗೆ ಬರುತ್ತೆ, ಹಾಗಾಗಿ ಆ ಕೊನೆ ಪದ ಬರೀ ಅಲಂಕಾರಕ್ಕಲ್ಲ. ಇಡೀ ಸೀಸನ್‌ಗೆ ಸೇರಿಸಿ ಹೇಳೋದಾದ್ರೆ ಹಾರ್ವೆಸ್ಟ್ ಅನ್ನಬಹುದು. ಚಿಕ್ಕಮಗಳೂರು, ಸಕಲೇಶಪುರ ಕಡೆಯೋರು ಈ ಗುಂಪಲ್ಲಿ ಇದ್ದೀರಲ್ಲ, ನಿಮ್ಮ ತೋಟದಲ್ಲಿ ಆಳುಗಳ ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕದಲ್ಲಿ ಪಿಕಿಂಗ್ ಅಂತಿರುತ್ತಾ ಪ್ಲಕಿಂಗ್ ಅಂತಿರುತ್ತಾ, ನೋಡಿ ತಿಳಿಸ್ತೀರಾ?