ಗೋಡೆ ತುಂಬ ಚೀಟಿ, ತಲೆ ಮಾತ್ರ ಖಾಲಿ

ಪ್ರಶ್ನೆ: ಮೇಡಂ, ನಾನು ಸರ್ವಿಸ್ ಡಿಸೈನ್‌ಗೆ, ಅಂದರೆ ಜನರಿಗೆ ಸಿಗುವ ಸೇವೆಯನ್ನು ರೂಪಿಸುವ ಕೆಲಸಕ್ಕೆ, ಹೊಸಬ. ಒಂದು ಆಸ್ಪತ್ರೆಯ ಟೋಕನ್ ವ್ಯವಸ್ಥೆಯನ್ನು ಹೊಸದಾಗಿ ಯೋಚಿಸುವ ಪ್ರಾಜೆಕ್ಟ್. 16 ಜನರನ್ನು ಮಾತಾಡಿಸಿದೆವು, ಎರಡು ದಿನ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಕೂತು ನೋಡಿದೆವು. ಕೇಳಿದ್ದು, ಕಂಡದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಈಗ ಚೀಟಿಗಳನ್ನು 'ಕಾಯುವುದು', 'ಸಿಬ್ಬಂದಿ', 'ಸೌಲಭ್ಯ', 'ಆ್ಯಪ್' ಅಂತ ಗುಂಪು ಮಾಡಿದ್ದೇವೆ. ಹೊಸದೇನೂ ಹೊಳೆಯುತ್ತಿಲ್ಲ. ಎಲ್ಲಿ ಎಡವಿದೆವು?

ಉತ್ತರ: ಆ ನಾಲ್ಕು ಹೆಸರುಗಳಲ್ಲೇ. ಆಸ್ಪತ್ರೆಗೆ ಹೋಗುವ ಮೊದಲೇ ಅವು ನಿಮ್ಮ ತಲೆಯಲ್ಲಿದ್ದವು, ಅಲ್ವಾ? ಚೀಟಿಗಳನ್ನು ಸುಮ್ನೆ ಡಬ್ಬಿಗೆ ತುಂಬಿದ್ದೀರಿ.

ಹೀಗೆ ಚೀಟಿ ಬರೆದು ಗುಂಪು ಮಾಡುವ ಪದ್ಧತಿ ಕೊಟ್ಟವರು ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತಾ ಜಿರೋ. ನೇಪಾಳದಲ್ಲಿ ಓಡಾಡಿ ಅಧ್ಯಯನ ಮಾಡಿದವರು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಇದಕ್ಕೆ ಕೆಜೆ ವಿಧಾನ ಎಂಬ ಹೆಸರು ಬಂತು. ಅಲ್ಲಿ ಗುಂಪಿಗೆ ಹೆಸರಿಡುವುದು ಆಮೇಲೆ. ಮೊದಲು ಚೀಟಿಗಳನ್ನೆಲ್ಲ ಕಲಸಿ ಹರಡಿ. ಹತ್ತಿರ ಅನ್ನಿಸಿದ ಎರಡೋ ಮೂರೋ ಚೀಟಿಯನ್ನಷ್ಟೇ ಜೊತೆಗಿಡಿ. ಹೆಸರು ಒಂದು ಪದವಾದರೆ ಸಾಲದು, ಪೂರ್ತಿ ವಾಕ್ಯ ಬರೆಯಿರಿ.

ನಾನು ಮಾಡಿದ ಒಂದು ಓಪಿಡಿ ಕೆಲಸದ ಮೂರು ಚೀಟಿ ಹೇಳುತ್ತೇನೆ. 'ಕ್ಯಾಂಟೀನ್ ಎದುರಿಗೇ ಇದೆ, ಅಜ್ಜ ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲ.' 'ಮಗುವನ್ನು ಪಕ್ಕದವರ ಕೈಗೆ ಕೊಟ್ಟು ತಾಯಿ ಶೌಚಾಲಯಕ್ಕೆ ಓಡಿದರು.' 'ನಂಬರ್ ಎಷ್ಟಾಯ್ತು ಅಂತ ನರ್ಸ್‌ನ ಒಂದೇ ಸಮ ಕೇಳುತ್ತಾರೆ.' ನಿಮ್ಮ ಲೆಕ್ಕದಲ್ಲಿ ಇವು ಬೇರೆ ಬೇರೆ ಡಬ್ಬಿಗೆ ಹೋಗುತ್ತಿದ್ದವು. ನಾವು ಜೊತೆಗಿಟ್ಟು ಬರೆದ ವಾಕ್ಯ ಇದು: 'ನಂಬರ್ ತಪ್ಪಿಹೋಗುತ್ತೆ ಅನ್ನೋ ಭಯಕ್ಕೆ ಯಾರೂ ನೆಮ್ಮದಿಯಾಗಿ ಎದ್ದು ಹೋಗುತ್ತಿಲ್ಲ.' ಅಲ್ಲಿಯವರೆಗೆ ಕ್ಯೂ ಚಿಕ್ಕದು ಮಾಡುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದೆವು. ಆಮೇಲೆ, ಎದ್ದು ಹೋಗಲು ಧೈರ್ಯ ಕೊಡುವುದು ಹೇಗೆ ಅಂತ ಕೇಳತೊಡಗಿದೆವು.

ಮರುಪ್ರಶ್ನೆ: ಇದು ನಮ್ಮ ಊಹೆ ಅಷ್ಟೇ ಅಲ್ವಾ ಮೇಡಂ? '16 ಜನರ ಮಾತು ಕೇಳಿ ಇಷ್ಟು ಹೇಳ್ತೀರಾ' ಅಂತ ಕ್ಲೈಂಟ್ ಕೇಳಿದರೆ?

ಉತ್ತರ: ಊಹೆಯೇ, ಮುಚ್ಚಿಡಬೇಡಿ. ಶೇಕಡಾವಾರು ಲೆಕ್ಕ ಅಂತೂ ಹಾಕಲೇಬೇಡಿ, 16 ಜನರಿಗೆ ಅದು ನಗೆಪಾಟಲು. ಬೇಗ, ಅಗ್ಗದಲ್ಲಿ ಪರೀಕ್ಷೆ ಮಾಡಿ ತೋರಿಸಿ. ನಾವು ಒಂದು ರಟ್ಟಿನ ಮೇಲೆ 'ಈಗ 31. 50ರ ಸರದಿ 12 ಗಂಟೆ ಮೇಲೆ' ಅಂತ ಬರೆದು ಬಾಗಿಲಿಗೆ ನೇತುಹಾಕಿದೆವು. ಒಂದಷ್ಟು ಜನ ಎದ್ದು ಕ್ಯಾಂಟೀನಿಗೆ ಹೋದರು. ಅಜ್ಜ ಕದಲಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ! ಹೊಸ ಚೀಟಿ ಬರೆದೆವು.

ಗುಂಪು ಮಾಡುವಾಗ ಅಲ್ಲಿನ ನರ್ಸ್ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ನಾವು 'ಜಗಳ' ಅಂತ ಬರೆದಿದ್ದ ಚೀಟಿ ನೋಡಿ ನಮ್ಮ ನರ್ಸ್, 'ಇದು ಸೋಮವಾರ ಮಾತ್ರ' ಅಂದರು. ನಾವು ಎರಡು ದಿನ ಕೂತಿದ್ದರಲ್ಲಿ ಒಂದು ದಿನ ಸೋಮವಾರ!

ಮತ್ತೆ, ಯಾವ ಗುಂಪಿಗೂ ಸೇರದ ಚೀಟಿಯನ್ನು ಎಲ್ಲಿಗೋ ತುರುಕಬೇಡಿ. ಜಪಾನಿನಲ್ಲಿ ಅದಕ್ಕೆ ಒಂಟಿ ತೋಳ ಅನ್ನುತ್ತಾರಂತೆ. ನಮ್ಮ ಗೋಡೆಯಲ್ಲೂ ಒಂದಿತ್ತು: 'ಬೇಗ ಮುಗಿದರೆ ಬೇಜಾರು, ಇಲ್ಲಿ ಊರಿನವರು ಸಿಗುತ್ತಾರೆ.' ಅದನ್ನು ಎಲ್ಲಿ ಇಡಬೇಕು ಅಂತ ಕೊನೆವರೆಗೂ ತಿಳಿಯಲಿಲ್ಲ. ಮೂಲೆಯಲ್ಲಿ ಹಾಗೇ ಬಿಟ್ಟೆವು.